ನನ್ನದು ಮೌನವ್ರತವಾಗಿರಲಿಲ್ಲ

ಯಶವಂತಪುರದ ಮಹಿಳಾ ಸಮಾಜದವರು ತಮ್ಮ ವಾರ್ಷಿಕ ಸಂಚಿಕೆಗೆ ಒಂದು ಲೇಖನ ಬೇಕೆಂದು ಮೊನ್ನೆ ಮನೆಗೆ ಬಂದಿದ್ದರು. ವಿಷಯವನ್ನೂ ಅವರೇ ಆರಿಸಿಕೊಂಡು ಬಂದಿದ್ದರು: ದಿನನಿತ್ಯದ ಬದುಕಿನಲ್ಲಿ ಮೌನ ಮತ್ತು ಧ್ಯಾನದಿಂದಾಗುವ ಪ್ರಯೋಜನಗಳು. "ನಿಮಗಿಂತ ಚೆನ್ನಾಗಿ ಯಾರ್ ಬರೀತಾರೆ ಹೇಳಿ ಟೀಚರ್? ಅಷ್ಟು ಕಾಲ ಮೌನ ಮಾಡ್ದೋರು ನೀವು" ಎಂದರು ಕಾರ್ಯದರ್ಶಿಯಮ್ಮ. ಅವರು ಎಲ್ಲೋ ಅರ್ಧ ಕಥೆ ಕೇಳಿದ್ದರು. ನಾನು ತಲೆಯಾಡಿಸಿ, ಕಾಫಿ ಕೊಟ್ಟು ಕಳಿಸಿದೆ.

ಪ್ರಯೋಜನಗಳನ್ನು ಎಣಿಸಿ ಬರೆಯಲು ಕೂತರೆ ಪೆನ್ನು ಮುಂದೆ ಹೋಗುತ್ತಿಲ್ಲ. ಅದಕ್ಕೇ ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ. ಅವರು ಅಚ್ಚು ಹಾಕಿಸಿದರೆ ಸರಿ, ಇಲ್ಲದಿದ್ದರೂ ಸರಿ. ಬಾಯಿಗೆ ಕರ್ಚೀಫು ಒತ್ತಿಕೊಂಡು ಯಾವುದಾದರೂ ಆಸ್ಪತ್ರೆಯ ಬೆಂಚಿನ ಮೇಲೆ ಕೂತ ಒಬ್ಬ ಹೆಂಗಸು ಇದನ್ನು ಓದಿದರೆ ನನಗೆ ಸಾಕು.

ನಾನು ಪ್ರೈಮರಿ ಶಾಲೆಯ ಟೀಚರಾಗಿದ್ದೆ. ನಮ್ಮ ಶಾಲೆಯಲ್ಲಿ ಒಂದೇ ಹಜಾರದಲ್ಲಿ ಮೂರು ತರಗತಿ ನಡೆಯುತ್ತಿದ್ದವು, ನಡುವೆ ಗೋಡೆ ಇರಲಿಲ್ಲ. ಯಾರ ಗಂಟಲು ದೊಡ್ಡದೋ ಅವರ ಮಕ್ಕಳಿಗೆ ಪಾಠ ಕೇಳಿಸುತ್ತಿತ್ತು. ನನ್ನ ಮಕ್ಕಳಿಗೆ ಯಾವತ್ತೂ ಆ ತೊಂದರೆ ಆಗಲಿಲ್ಲ. ನಾನು ಮಗ್ಗಿ ಹೇಳಿಸಲು ಶುರು ಮಾಡಿದರೆ ಪಕ್ಕದ ತರಗತಿಯ ಮೇಷ್ಟ್ರು ಪುಸ್ತಕ ಮುಚ್ಚಿ ಕೂರುತ್ತಿದ್ದರು. ಮತ್ತಿಕೆರೆಯ ನಮ್ಮ ಮನೆಯ ಹಿತ್ತಿಲಲ್ಲಿ ನಿಂತು "ವನಜಾ, ಊಟಕ್ಕೆ ಬಾರೇ" ಎಂದು ಕೂಗಿದರೆ, ಕೆರೆ ಏರಿಯ ಆ ಕಡೆ ಆಡುತ್ತಿದ್ದ ನನ್ನ ನಾಲ್ಕು ವರ್ಷದ ಮಗಳು ಓಡಿ ಬರುತ್ತಿದ್ದಳು.

"ಮೆತ್ತಗ್ ಮಾತಾಡಮ್ಮಿ, ದನ ಬೆದರ್ತವೆ" ಎನ್ನುತ್ತಿದ್ದರು ಅತ್ತೆ. ನನ್ನ ಯಜಮಾನರಿಗೆ ಜಾಲಹಳ್ಳಿ ಕಡೆ ಒಂದು ಫ್ಯಾಕ್ಟರಿಯಲ್ಲಿ ಕೆಲಸ. "ನಮ್ ಸೈರನ್ ಕೆಟ್ಟೋದ್ರೆ ನಿನ್ನನ್ನೇ ಕರ್ಕೊಂಡೋಗಿ ಗೇಟ್ ಮುಂದೆ ನಿಲ್ಲಿಸ್ತೀನಿ" ಎಂದು ಅವರು ರೇಗಿಸುತ್ತಿದ್ದರು. ನನಗೆ ನಾಚಿಕೆಯೇನೂ ಆಗುತ್ತಿರಲಿಲ್ಲ. ನನ್ನ ಹತ್ತಿರ ಚಿನ್ನವಿರಲಿಲ್ಲ, ರೂಪವೂ ಅಷ್ಟಕ್ಕಷ್ಟೆ. ನನ್ನದು ಅಂತ ಇದ್ದದ್ದು ಆ ಗಂಟಲೊಂದೇ, ಅದರ ಮೇಲೆ ನನಗೆ ಜಂಬವಿತ್ತು.

ಗಂಟಲು ಒಡೆಯಲು ಶುರುವಾದಾಗ ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ. ಮೇಷ್ಟ್ರುಗಳಿಗೆ ಗಂಟಲು ಕೆಡುವುದು ಇದ್ದದ್ದೇ. ಉಪ್ಪುನೀರು ಮುಕ್ಕಳಿಸಿದೆ, ಮೆಣಸಿನ ಕಷಾಯ ಕುಡಿದೆ, ಹಿಪ್ಪಲಿಯನ್ನು ಜೇನಿನಲ್ಲಿ ತೇದು ನೆಕ್ಕಿದೆ. ಮಳೆಗಾಲ ಕಳೆದು ಚಳಿ ಬಂದರೂ ಗಂಟಲು ಸರಿಹೋಗಲಿಲ್ಲ. ಸಂಜೆಯಾದರೆ ಮೈ ಕಾಯುತ್ತಿತ್ತು. ಮುದ್ದೆ ನುಂಗಿದರೆ ನೋವು ಕಿವಿಯವರೆಗೆ ಹತ್ತುತ್ತಿತ್ತು. ರವಿಕೆಗಳನ್ನೆಲ್ಲ ಹಿಡಿದು ಹೊಲಿಯಬೇಕಾಯಿತು. ಕೊನೆಗೊಂದು ದಿನ ತರಗತಿಯಲ್ಲಿ ಮಗ್ಗಿ ಹೇಳಿಸುತ್ತಿದ್ದಾಗ ದನಿ ಪೂರ್ತಿ ನಿಂತುಹೋಯಿತು. ಮಕ್ಕಳು ತಮಾಷೆ ಎಂದುಕೊಂಡು ನಕ್ಕವು.

ದೊಡ್ಡಾಸ್ಪತ್ರೆಗೆ ಯಜಮಾನರು ಕರೆದುಕೊಂಡು ಹೋದರು. ಅಲ್ಲಿನ ಉದ್ದನೆಯ ಪಡಸಾಲೆಯಲ್ಲಿ ಬೆಂಚು ಹಾಕಿದ್ದರು. ಎಲ್ಲರೂ ಬಾಯಿಗೆ ಏನಾದರೊಂದು ಒತ್ತಿಕೊಂಡಿದ್ದರು, ಸೆರಗು, ಟವಲು, ಕರ್ಚೀಫು. ಯಾರೂ ಯಾರ ಪಕ್ಕಕ್ಕೂ ಒತ್ತಿ ಕೂರುತ್ತಿರಲಿಲ್ಲ. ಕೆಮ್ಮಿದವರು ಸುತ್ತ ನೋಡಿ ತಪ್ಪು ಮಾಡಿದವರ ಹಾಗೆ ತಲೆ ತಗ್ಗಿಸುತ್ತಿದ್ದರು. ಅಷ್ಟು ಜನರಿದ್ದೂ ಅಷ್ಟು ಸದ್ದಿಲ್ಲದ ಜಾಗವನ್ನು ನಾನು ಅದಕ್ಕೆ ಮೊದಲು ನೋಡಿರಲಿಲ್ಲ. ನಾನು ಯಜಮಾನರ ಕೈ ಹಿಡಿದುಕೊಂಡೆ, ಅವರು ಮೆಲ್ಲಗೆ ಬಿಡಿಸಿಕೊಂಡರು. ಭಯಕ್ಕೋ ಸಂಕೋಚಕ್ಕೋ ಗೊತ್ತಿಲ್ಲ, ಇವತ್ತಿಗೂ ಕೇಳಿಲ್ಲ.

ಡಾಕ್ಟರು ಹಣೆಗೆ ಕನ್ನಡಿ ಕಟ್ಟಿಕೊಂಡಿದ್ದರು. ನನ್ನ ನಾಲಿಗೆಯನ್ನು ಬಟ್ಟೆಯಲ್ಲಿ ಹಿಡಿದೆಳೆದು, ಇನ್ನೊಂದು ಪುಟ್ಟ ಕನ್ನಡಿಯನ್ನು ದೀಪಕ್ಕೆ ಹಿಡಿದು ಬಿಸಿ ಮಾಡಿ ಗಂಟಲೊಳಗೆ ಇಳಿಸಿ "ಈ ಅನ್ನಿ" ಎಂದರು. ನಾನು "ಈ" ಎಂದೆ. ಎದೆಯ ಎಕ್ಸ್‌ರೇಯನ್ನು ಕಿಟಕಿಗೆ ಹಿಡಿದು ಬಹಳ ಹೊತ್ತು ನೋಡಿದರು.

"ನೋಡಿ ಟೀಚರ್, ಇದು ಕ್ಷಯ. ಎದೇಲಿದ್ದದ್ದು ಗಂಟಲಿಗೂ ಹತ್ತಿದೆ. ಹೆದರ್ಬೇಡಿ, ಈಗ ಔಷಧಿ ಇದೆ, ವಾಸಿ ಆಗುತ್ತೆ. ಆದ್ರೆ ಮಾತಾಡೋ ಹಾಗಿಲ್ಲ."

"ಎಷ್ಟು ದಿನ?" ಎಂದೆ, ಉಳಿದಿದ್ದ ಒಡಕು ದನಿಯಲ್ಲಿ.

"ಈಗ ಕೇಳಿದ್ರಲ್ಲ, ಅದೇ ಕೊನೇದು. ನಾನು ಹೇಳೋವರ್ಗೂ ಬಾಯಿ ಬಿಡ್ಬೇಡಿ. ಪಿಸುಮಾತೂ ಬೇಡ. ಅಲ್ಲಿ ಹುಣ್ಣಾಗಿದೆ. ಅದು ಮಾಯೋವಾಗ ಏನಾದ್ರೂ ಕೂಗಾಡಿದ್ರೋ, ಧ್ವನಿ ಹೋದ್ರೆ ಹೋದ ಹಾಗೇ. ಆಮೇಲೆ ನನ್ ಕೈಲೂ ಏನೂ ಆಗಲ್ಲ." ಚೀಟಿ ಬರೆಯುತ್ತಾ ಕೇಳಿದರು, "ಮನೇಲಿ ಮಗು ಇದೆಯಾ? ದೂರ ಇಡಿ."

ಆಸ್ಪತ್ರೆಯಲ್ಲಿ ಮಂಚ ಖಾಲಿ ಇರಲಿಲ್ಲ, ಮನೆಯಲ್ಲೇ ಇದ್ದು ಔಷಧಿ ತೆಗೆದುಕೊಳ್ಳಿ ಎಂದರು. ವನಜಳನ್ನು ಯಲಹಂಕದ ನನ್ನ ತವರಿಗೆ ಕಳಿಸುವುದೆಂದು ತೀರ್ಮಾನವಾಯಿತು. ಅವಳನ್ನು ಕರೆದೊಯ್ಯಲು ನನ್ನ ತಾಯಿ ಬಂದರು. ನಾನು ಕೋಣೆಯ ಬಾಗಿಲಲ್ಲಿ ನಿಂತಿದ್ದೆ, ಅವಳನ್ನು ಅಂಗಳದಲ್ಲಿ ನಿಲ್ಲಿಸಿದ್ದರು. ಹೊಸ ಲಂಗ ಹಾಕಿಕೊಂಡಿದ್ದಳು. ನಾನು ನಗಲು ನೋಡಿದೆ.

"ಅಮ್ಮ ಯಾಕಜ್ಜಿ ಮಾತಾಡ್ತಿಲ್ಲ? ನನ್ ಮೇಲೆ ಕೋಪನಾ?" ಎಂದು ಅವಳು ನನ್ನ ತಾಯಿಯನ್ನು ಕೇಳಿದಳು.

ಇಲ್ಲ ಕಂದ ಎನ್ನಲು ಎರಡು ಮಾತು ಸಾಕಿತ್ತು. ನಾನು ಹಲ್ಲು ಕಚ್ಚಿಕೊಂಡು ನಿಂತೆ. ಧ್ವನಿ ಉಳಿಸಿಕೊಳ್ಳುತ್ತೇನೆ, ವಾಸಿಯಾದ ದಿನ ಯಲಹಂಕದ ಸ್ಟೇಷನ್ನಿನಲ್ಲಿ ಇಳಿದು ಅಲ್ಲಿಂದಲೇ ಅವಳ ಹೆಸರು ಕೂಗುತ್ತೇನೆ ಎಂದು ಮನಸ್ಸಿನಲ್ಲಿ ಅಂದುಕೊಂಡೆ. ಮುಂದಿನ ದಿನಗಳನ್ನೆಲ್ಲ ನಾನು ನೂಕಿದ್ದು ಅದೊಂದೇ ಆಸೆಯಲ್ಲಿ.

ಮನೆಯಲ್ಲಿ ಇನ್ನೊಂದು ಸಂಕಟವಿತ್ತು. ನನ್ನ ನಾದಿನಿ ಜಯಮ್ಮನಿಗೆ ಶೆಟ್ಟಿಹಳ್ಳಿಯ ಕಡೆಯಿಂದ ಸಂಬಂಧ ಬಂದು, ಮಾತುಕತೆ ಅರ್ಧ ಆಗಿತ್ತು. ಮನೆಯಲ್ಲಿ ಕ್ಷಯವಿದೆ ಎಂದು ಗೊತ್ತಾದರೆ ಯಾರು ಹೆಣ್ಣು ತೆಗೆದುಕೊಂಡಾರು? ಆಗೆಲ್ಲ ಆ ಹೆಸರನ್ನು ಜನ ಬಾಯಲ್ಲಿ ಹೇಳುತ್ತಲೂ ಇರಲಿಲ್ಲ, 'ಆ ಕಾಯಿಲೆ' ಎನ್ನುತ್ತಿದ್ದರು. ಬಾವಿಕಟ್ಟೆಯಲ್ಲಿ ಯಾರೋ ನನ್ನ ವಿಚಾರ ಕೇಳಿದಾಗ ಅತ್ತೆಯ ಬಾಯಿಗೆ ಬಂದದ್ದು ಇದು: "ನಮ್ ಸೊಸೆ ಮೌನ ಇಡ್ದವಳೆ ಕಣಮ್ಮ. ವಂಶಕ್ಕೊಂದ್ ಗಂಡು ಕೂಸಾಗ್ಲಿ ಅಂತ ದ್ಯಾವ್ರಿಗೆ ಅರಕೆ."

ಮಗಳನ್ನು ಯಾಕೆ ಕಳಿಸಿದ್ದು, ಬೇರೆ ಕೋಣೆ ಯಾಕೆ, ಬೇರೆ ತಟ್ಟೆ ಲೋಟ ಯಾಕೆ, ಎಲ್ಲಕ್ಕೂ ಆ ಒಂದೇ ಮಾತು ಉತ್ತರವಾಯಿತು. ವ್ರತ ಅಂದ ಮೇಲೆ ಮಡಿ ಇರಲೇಬೇಕಲ್ಲ. ಅತ್ತೆಯನ್ನು ನಾನು ಬೈಯಲಾರೆ. ಅವರಿಗಿದ್ದ ಒಬ್ಬಳೇ ಮಗಳ ಮದುವೆ ಅದು.

ದಿನಾ ಬೆಳಿಗ್ಗೆ ಯಜಮಾನರು ಸೈಕಲ್ಲಿನ ಕ್ಯಾರಿಯರ್ ಮೇಲೆ ಕೂರಿಸಿಕೊಂಡು ಇಂಜೆಕ್ಷನ್ನಿಗೆ ಕರೆದೊಯ್ಯುತ್ತಿದ್ದರು. ಎಲ್ಲಿಗೆ ಎಂದವರಿಗೆ ಗುಡಿಗೆ ಎನ್ನುತ್ತಿದ್ದರು. ಉಳಿದಂತೆ ಹೊಟ್ಟೆ ತೊಳಸುವ ಪುಡಿ, ಮಾತ್ರೆ. ಎಳೆಬಿಸಿಲು, ಗಾಳಿ ಬೇಕು ಎಂದಿದ್ದರಿಂದ ಮನೆ ಮುಂದಿನ ಜಗಲಿಯ ಮೇಲೆ ಚಾಪೆ ಹಾಕಿ ಕೂರಿಸುತ್ತಿದ್ದರು. "ಸುಮ್ನೆ ಕೂತ್ರೆ ತಲೆ ಕೆಡುತ್ತೆ. ಕಣ್ಮುಚ್ಚಿ, ಉಸಿರು ಬರೋದು ಹೋಗೋದು ನೋಡ್ತಾ ಕೂತ್ಕೊಳ್ಳಿ" ಎಂದು ಡಾಕ್ಟರು ಹೇಳಿದ್ದರು. ಹಾಗೇ ಮಾಡಿದೆ.

ಧ್ಯಾನದ ವಿಚಾರ ಬರೆಯುವವರು ಒಳಗೆ ಶಾಂತಿ ಇದೆ ಎನ್ನುತ್ತಾರೆ. ನನ್ನೊಳಗೆ ಸಂತೆ ಇತ್ತು. ಕಣ್ಣು ಮುಚ್ಚಿದ ಕೂಡಲೇ ಮಗ್ಗಿ ಕೇಳಿಸುತ್ತಿತ್ತು, ವನಜಳ ಪ್ರಶ್ನೆ ಕೇಳಿಸುತ್ತಿತ್ತು, ಯಜಮಾನರ ಜೊತೆ ಆಡದೆ ಉಳಿದ ಜಗಳಗಳೆಲ್ಲ ಸಾಲಾಗಿ ಬಂದು ನಿಲ್ಲುತ್ತಿದ್ದವು. ಅದರ ಮೇಲೆ ಆ ಇಂಜೆಕ್ಷನ್ನಿನಿಂದ ಕಿವಿಯಲ್ಲಿ ಗುಂಯ್ ಎಂಬ ಸದ್ದು ಶುರುವಾಯಿತು, ನಿಂತರೆ ನೆಲ ವಾಲುತ್ತಿತ್ತು. ಬಾಯಿ ಮುಚ್ಚಿದ್ದರೂ ನನಗೆ ಮೌನ ಸಿಗಲಿಲ್ಲ. ಎಷ್ಟೋ ಬೆಳಿಗ್ಗೆ ಸತ್ತುಹೋದರೆ ಒಳ್ಳೆಯದು ಅನ್ನಿಸಿದೆ. ನೀವು ಬೆಂಚಿನ ಮೇಲೆ ಕೂತಿದ್ದರೆ, ನಿಮಗೂ ಹಾಗೆ ಅನ್ನಿಸಿದ್ದರೆ, ಅದು ನಿಮಗೊಬ್ಬರಿಗೇ ಆಗಿದ್ದಲ್ಲ ಎಂದು ತಿಳಿಯಲಿ ಅಂತ ಬರೆದೆ.

ಆದರೆ ದಾರಿಯಲ್ಲಿ ಹೋಗುವವರಿಗೆ ಕಂಡದ್ದೇ ಬೇರೆ. ಜಗಲಿಯ ಮೇಲೆ ಕಣ್ಣು ಮುಚ್ಚಿ ನೆಟ್ಟಗೆ ಕೂತ ಹೆಂಗಸು, ಬಡಕಲು ಮೈ, ಬಾಯಲ್ಲಿ ಮಾತಿಲ್ಲ. ಮೊದಲು ಒಬ್ಬಳು ನಿಂತು ಕೈ ಮುಗಿದಳು. ಮಾರನೆಯ ದಿನ ಇನ್ನೊಬ್ಬಳು ಎರಡು ಬಾಳೆಹಣ್ಣು, ಹೂವು ತಂದಿಟ್ಟಳು. ಆಮೇಲೆ ತಡೆಯೇ ಇಲ್ಲ. ಹತ್ತಿರ ಬರಬೇಡಿ ಎಂದು ನಾನು ಕೈ ಎತ್ತಿ ತೋರಿಸಿದರೆ ಆಶೀರ್ವಾದ ಮಾಡಿದೆ ಎಂದು ಇನ್ನೂ ಬಗ್ಗುತ್ತಿದ್ದರು. ಬಾಯಿಗೆ ಬಟ್ಟೆ ಕಟ್ಟಿಕೊಂಡೆ. ವ್ರತ ಇನ್ನೂ ಕಠಿಣವಾಯಿತು ಎಂದರು. ಒಳಗೇ ಇದ್ದುಬಿಟ್ಟೆ. ಟೀಚರಮ್ಮ ಯಾರ ಕಣ್ಣಿಗೂ ಬೀಳದೆ ತಪಸ್ಸಿಗೆ ಕೂತವಳೆ ಎಂದು ಮನೆಯ ಮುಂದೆ ಇನ್ನಷ್ಟು ಜನ ಕಾದರು. ಬಿಸಿಲು ಬೇಕಿತ್ತಲ್ಲ, ಮತ್ತೆ ಜಗಲಿಗೇ ಬಂದು ಕೂತೆ.

ಬಂದವರು ಸುಮ್ಮನೆ ಹೋಗುತ್ತಿರಲಿಲ್ಲ. ಗಂಡ ಕುಡಿಯುವುದು, ಮೈದುನ ಕೈ ಹಿಡಿದೆಳೆದದ್ದು, ತವರಿನವರು ಕೈಬಿಟ್ಟದ್ದು, ಯಾರಿಗೂ ಹೇಳದ್ದನ್ನೆಲ್ಲ ನನ್ನ ಮುಂದೆ ಹೇಳಿಕೊಂಡು ಅತ್ತು ಹಗುರಾಗಿ ಹೋಗುತ್ತಿದ್ದರು. ತಿರುಗಿ ಮಾತಾಡದವರ ಮುಂದೆ ಜನಕ್ಕೆ ಹೇಳಿಕೊಳ್ಳುವುದು ಸುಲಭ. ಆ ಮೌನದಿಂದ ಯಾರಿಗಾದರೂ ಪ್ರಯೋಜನವಾಗಿದ್ದರೆ ಅವರಿಗೆ ಆಗಿದೆ. ನನಗೆ ಹೆದರಿಕೆಯೊಂದೇ. ಇವರಲ್ಲಿ ಯಾರಿಗೆ ನನ್ನ ರೋಗ ಅಂಟಿಸುತ್ತಿದ್ದೇನೋ ಎಂದು ಉಸಿರನ್ನೇ ಹಿಡಿದುಕೊಂಡು ಕೂರುತ್ತಿದ್ದೆ.

ಸ್ಲೇಟಿನ ಮೇಲೆ "ನಿಜ ಹೇಳಿಬಿಡಿ" ಎಂದು ಬರೆದು ಯಜಮಾನರಿಗೆ ತೋರಿಸಿದೆ.

ಅವರು ಓದಿ, ಅಂಗೈಯಲ್ಲಿ ಅಳಿಸಿದರು. "ಜಯಂದು ಮುಗೀಲಿ ಕಣೆ. ತಾಂಬೂಲ ಆದ್ಮೇಲೆ ನಾನೇ ಹೇಳ್ತೀನಿ. ಅಲ್ಲೀವರ್ಗೂ ಸ್ವಲ್ಪ ತಡ್ಕೋ" ಎಂದರು. ನಾನು ತಡೆದುಕೊಂಡೆ. ಡಾಕ್ಟರು ಮತ್ತೆ ಕನ್ನಡಿ ಇಳಿಸಿ ನೋಡಿ, ಹುಣ್ಣು ಮಾಯುತ್ತಿದೆ, ಹೀಗೇ ಇರಿ ಎಂದಿದ್ದರು. ಆ ಮಾತನ್ನು ನಾನು ದಿನವೆಲ್ಲ ಮೆಲುಕು ಹಾಕುತ್ತಿದ್ದೆ.

ನಮ್ಮ ಎರಡು ಮನೆ ಆಚೆ ಮುನಿಯಮ್ಮ ಎಂಬವಳಿದ್ದಳು. ಸೊಪ್ಪು ಬೆಳೆದು ಮಲ್ಲೇಶ್ವರಕ್ಕೆ ಹೊತ್ತು ಮಾರುತ್ತಿದ್ದಳು. ಅವಳಿಗೆ ಹುಟ್ಟಿದ ಎರಡು ಮಕ್ಕಳೂ ವರ್ಷ ತುಂಬುವ ಮೊದಲೇ ಹೋಗಿದ್ದವು. ಮೂರನೆಯದು ಗಂಡು, ಆಗಿನ್ನೂ ಕೂರಲು ಕಲಿಯುತ್ತಿತ್ತು. ಮಕ್ಕಳು ನಿಲ್ಲದ ತಾಯಂದಿರು ಕೂಸನ್ನು ವ್ರತ ಹಿಡಿದವರ ಮಡಿಲಿಗೆ ಹಾಕಿ, 'ಇದು ನಿಮ್ಮ ಮಗು' ಎಂದು ಒಪ್ಪಿಸಿ ಮತ್ತೆ ಬೇಡಿ ಪಡೆಯುವ ರೂಢಿ ನಮ್ಮ ಕಡೆ ಇದೆ. ಹಾಗೆ ಮಾಡಿದರೆ ಮಗು ಉಳಿಯುತ್ತದೆ ಎಂಬ ನಂಬಿಕೆ. ಅತ್ತೆ ಆ ಬೆಳಿಗ್ಗೆ ಹುಲ್ಲು ತರಲು ಹೋಗಿದ್ದರು, ಜಯಮ್ಮ ನೀರಿಗೆ ಹೋಗಿದ್ದಳು. ನಾನು ಜಗಲಿಯ ಮೇಲೆ ಕಣ್ಣು ಮುಚ್ಚಿದ್ದೆ. ಮಡಿಲಲ್ಲಿ ಥಟ್ಟನೆ ಭಾರವಾಯಿತು. ಕಣ್ಣು ಬಿಟ್ಟರೆ ಎಣ್ಣೆ ಹಚ್ಚಿ ಮೀಸಿದ ಕೂಸು ನನ್ನ ತೊಡೆಯ ಮೇಲಿತ್ತು.

ಮುನಿಯಮ್ಮ ಆಗಲೇ ಅಂಗಳಕ್ಕಿಳಿದು, ಕಣ್ಣು ಮುಚ್ಚಿ, ಕೈ ಮುಗಿದು ನಿಂತಿದ್ದಳು. "ನಿನ್ ಮಗ ಕಣಕ್ಕಾ ಇದು, ನಂದಲ್ಲ. ನೀನೇ ಉಳಿಸ್ಕೊಡು" ಎನ್ನುತ್ತಿದ್ದಳು. ನಾನು ಚಪ್ಪಾಳೆ ತಟ್ಟಿದೆ. ಅವಳು ಕಣ್ಣು ಬಿಡಲಿಲ್ಲ. ಎದ್ದು ಕೊಡೋಣವೆಂದರೆ ತಲೆ ತಿರುಗುತ್ತಿತ್ತು, ಮಗುವಿನ ಸಮೇತ ಬೀಳುತ್ತಿದ್ದೆ. ಪಕ್ಕಕ್ಕೆ ಇಳಿಸಿದರೆ ಜಗಲಿಯಿಂದ ಉರುಳೀತು. ಕೂಸು ನನ್ನ ಬಾಯಿಗೆ ಕಟ್ಟಿದ್ದ ಬಟ್ಟೆಯನ್ನು ಹಿಡಿದು ಎಳೆಯಿತು. ಬಟ್ಟೆ ಕೆಳಗೆ ಜಾರಿತು. ಅದು ಬಾಯಿ ತೆರೆದು ನನ್ನ ಮುಖದ ಹತ್ತಿರಕ್ಕೆ ಬಂದು ನಕ್ಕಿತು. ನನಗೆ ಕೆಮ್ಮು ಒತ್ತಿಕೊಂಡು ಬರುತ್ತಿತ್ತು.

"ಎತ್ಕೊಳ್ಳೇ ಮುನಿಯಮ್ಮಾ! ನಂಗೆ ಕ್ಷಯ ಕಣೇ! ಎತ್ಕೊಂಡೋಗೇ!"

ಅದು ನನ್ನ ಹಳೆಯ ಗಂಟಲೇ. ಕೆರೆ ಏರಿಯವರೆಗೆ ಹೋಗಿರಬೇಕು. ಬೀದಿಯವರೆಲ್ಲ ಹೊರಗೆ ಬಂದರು. ಮುನಿಯಮ್ಮ ಮಗುವನ್ನು ಕಿತ್ತುಕೊಂಡು, ಬಾಯಿಗೆ ಬಂದ ಹಾಗೆ ಬೈಯುತ್ತಾ ಓಡಿದಳು. ನಾನು ಕೆಮ್ಮಲು ಶುರು ಮಾಡಿದೆ. ಕೆಮ್ಮು ನಿಂತಾಗ ಸೆರಗಿನಲ್ಲಿ ರಕ್ತವಿತ್ತು.

ಶೆಟ್ಟಿಹಳ್ಳಿಯವರಿಗೆ ಸಂಜೆಯೊಳಗೆ ಸುದ್ದಿ ಮುಟ್ಟಿತು. ಸಂಬಂಧ ಮುರಿಯಿತು. ಹಣ್ಣು ಹೂವು ತಂದವರೇ ನಮ್ಮ ಮನೆ ಮುಂದೆ ಬಂದಾಗ ಸೆರಗು ಮೂಗಿಗೆ ಹಿಡಿದು ಆಚೆ ಬದಿಗೆ ಹೋಗುತ್ತಿದ್ದರು. ಅವರನ್ನೂ ಬೈಯಲಾರೆ, ಅವರಿಗೆ ಮೋಸವಾಗಿತ್ತು. ಅತ್ತೆ ನನ್ನ ಜೊತೆ ಮಾತು ಬಿಟ್ಟರು. ಗಂಜಿಯನ್ನು ಹೊಸ್ತಿಲ ಮೇಲಿಟ್ಟು ಹೋಗುತ್ತಿದ್ದರು. ನನ್ನ ಕೋಣೆಗೆ ಬಂದವಳು ಜಯಮ್ಮ ಒಬ್ಬಳೇ. ಬಂದು, ಸಿಕ್ಕುಗಟ್ಟಿದ ನನ್ನ ತಲೆ ಬಾಚತೊಡಗಿದಳು. ಅವಳ ಮುಖ ನೋಡುವ ಧೈರ್ಯ ನನಗಿರಲಿಲ್ಲ.

"ಆ ಗಂಡಿನ್ ಮೂತಿ ನಂಗೂ ಅಷ್ಟ್ ಇಷ್ಟ ಇರ್ಲಿಲ್ಲ ಬಿಡಿ ಅತ್ತಿಗೆ" ಎಂದಳು.

ಅದು ಸುಳ್ಳೆಂದು ನನಗೆ ಗೊತ್ತಿತ್ತು. ಗಂಡು ನೋಡಿ ಹೋದ ದಿನ ಅವಳು ಕನ್ನಡಿಯ ಮುಂದಿನಿಂದ ಏಳಲಿಲ್ಲ. ಅವಳ ಸುಳ್ಳಿನಷ್ಟು ದೊಡ್ಡ ಕರುಣೆಯನ್ನು ನನಗೆ ಆ ಕಾಯಿಲೆಯಲ್ಲಿ ಯಾರೂ ತೋರಿಸಲಿಲ್ಲ. ಈಗ ಅವಳು ದಾಸರಹಳ್ಳಿಯಲ್ಲಿದ್ದಾಳೆ, ಎರಡನೇ ಸಂಬಂಧಕ್ಕೆ ಕೊಟ್ಟೆವು. ಚೆನ್ನಾಗಿದ್ದೀನಿ ಅನ್ನುತ್ತಾಳೆ. ಮುನಿಯಮ್ಮನ ಮಗುವಿಗೆ ಏನೂ ಆಗಲಿಲ್ಲ. ಅವನೀಗ ಶಾಲೆಗೆ ಹೋಗುತ್ತಾನೆ, ಗೋಲಿ ಆಡುತ್ತಾನೆ. ಅವನ ತಾಯಿ ಇವತ್ತಿಗೂ ನನ್ನ ಕಡೆ ತಿರುಗಿ ನೋಡುವುದಿಲ್ಲ.

ಆಮೇಲೆ ಮತ್ತೆ ಕೂತೆ, ಉಸಿರು ನೋಡುತ್ತಾ. ಮಾಡಲು ಬೇರೇನಿತ್ತು? ನೋಡಲು ಬರುವವರಿಲ್ಲ, ಹೆದರಿಕೆಯಿಲ್ಲ, ಮುಚ್ಚಿಡುವುದೂ ಇಲ್ಲ. ಒಂದೊಂದು ದಿನ ಒಳಗಿನ ಸಂತೆ ತಾನಾಗಿ ಕರಗುತ್ತಿತ್ತು. ಯಶವಂತಪುರದಲ್ಲಿ ಗೂಡ್ಸ್ ಗಾಡಿಗಳು ಡಿಕ್ಕಿ ಕೊಟ್ಟುಕೊಳ್ಳುವ ಸದ್ದು ಬರುತ್ತಿತ್ತು, ಅದರಷ್ಟಕ್ಕೆ ಅದು ಬಂದು ಹೋಗುತ್ತಿತ್ತು. ಹಿಂದೆ ನಾನು ನನ್ನ ಗದ್ದಲದಲ್ಲಿ ಕೇಳಿಸಿಕೊಳ್ಳದೇ ಇದ್ದದ್ದೂ ಕೇಳಿಸಿತು. ಅತ್ತೆ ರಾಗಿ ಬೀಸುವಾಗ ಅಳುತ್ತಾರೆ ಎಂದು ನನಗೆ ಗೊತ್ತಾದದ್ದು ಆಗ. ಯಾವಾಗಿನಿಂದ ಅಳುತ್ತಿದ್ದರೋ ಏನೋ. ಒಂದು ದಿನ ಹೋಗಿ ದೂರದಲ್ಲಿ, ಗೋಡೆಗೆ ಒರಗಿ ಕೂತೆ. ಅವರು ಬೀಸುವುದನ್ನು ನಿಲ್ಲಿಸಲಿಲ್ಲ, ನನ್ನನ್ನು ಎದ್ದುಹೋಗು ಎನ್ನಲೂ ಇಲ್ಲ. ಆಮೇಲೆ ದಿನಾ ಹಾಗೇ ಕೂರುತ್ತಿದ್ದೆವು. ಸಮಾಜದವರು ಕೇಳಿದ ಪ್ರಯೋಜನ ಇಷ್ಟೇ, ಬರೆದಿದ್ದೇನೆ. ಅದಕ್ಕೆ ನಾನು ತೆತ್ತ ಬೆಲೆಗೂ ಅದಕ್ಕೂ ಸರಿಹೋಗುವುದಿಲ್ಲ.

ಡಾಕ್ಟರು ಕೊನೆಯ ಸಲ ಎಕ್ಸ್‌ರೇ ಕಿಟಕಿಗೆ ಹಿಡಿದಾಗ ಅವರ ಮುಖ ಅರಳಿತು. "ಎದೆ ಶುದ್ಧವಾಗಿದೆ. ಮಗಳನ್ನ ಕರೆಸ್ಕೊಳ್ಳಿ" ಎಂದರು. ಕನ್ನಡಿ ಇಳಿಸಿ "ಈ ಅನ್ನಿ" ಎಂದರು. ನಾನು ಹೇಳಿದೆ. ಬರೀ ಗಾಳಿ ಬಂತು. ಇನ್ನೊಂದು ಸಲ ಎಂದರು. ಮತ್ತೆ ಗಾಳಿ. ಅವರು ಕನ್ನಡಿಯನ್ನು ಒರೆಸುತ್ತಾ ನಿಂತರು.

ಸ್ಲೇಟಿನ ಮೇಲೆ ಬರೆದೆ: "ನಾನು ಕೂಗಿದ್ದಕ್ಕಾ?"

"ಇಲ್ಲಮ್ಮ. ಹುಣ್ಣು ಮಾದಾಗ ಗಾಯ ಗಟ್ಟಿಯಾಗಿ ಎಳ್ಕೊಂಡಿದೆ. ನೀವು ಕೂಗ್ದೇ ಇದ್ರೂ ಹೀಗೇ ಆಗ್ತಿತ್ತೇನೋ" ಎಂದರು. ಆ 'ಏನೋ' ಅವರ ಬಾಯಿಂದ ಬರದಿದ್ದರೆ ನಾನು ನಂಬುತ್ತಿದ್ದೆ. ಶಾಲೆಯಲ್ಲಿ ನನ್ನ ಜಾಗಕ್ಕೆ ಆಗಲೇ ಬೇರೆಯವರು ಬಂದಿದ್ದರು. ಪಿಸುಮಾತಿನಲ್ಲಿ ಮಗ್ಗಿ ಹೇಳಿಸುವ ಟೀಚರು ಯಾವ ಶಾಲೆಗೂ ಬೇಡ.

ವನಜಳನ್ನು ಯಜಮಾನರು ಕರೆತಂದರು. ನಾನು ಯಲಹಂಕದ ಸ್ಟೇಷನ್ನಿಗೆ ಹೋಗಲಿಲ್ಲ. ಹೋಗಿ ಏನೆಂದು ಕೂಗಲಿ? ಅಂಗಳದಲ್ಲಿ ನಿಂತು ಕಾದೆ. ಅವಳು ಎತ್ತರವಾಗಿದ್ದಳು, ಎರಡು ಜಡೆ ಹಾಕಿದ್ದರು. ಅಪ್ಪನ ಕಾಲಿನ ಹಿಂದೆ ನಿಂತು ನನ್ನನ್ನು ನೋಡುತ್ತಿದ್ದಳು. ನಾನು ಮಂಡಿಯೂರಿ ಕೂತು ಕೈ ಚಾಚಿದೆ. ನಿಧಾನವಾಗಿ ಬಂದಳು. ಅವಳನ್ನು ಮುಟ್ಟಿ ಎಷ್ಟು ಕಾಲವಾಗಿತ್ತು. ಅವಳ ಕಿವಿಯ ಹತ್ತಿರ ಬಾಯಿ ಇಟ್ಟು, ನನ್ನಲ್ಲಿ ಉಳಿದಿದ್ದ ಉಸಿರಲ್ಲಿ, "ನಿನ್ ಮೇಲೆ ಕೋಪ ಇರ್ಲಿಲ್ಲ ಕಂದ" ಎಂದೆ.

ಅವಳ ಕಣ್ಣುಗಳು ದೊಡ್ಡವಾದವು. ಸುತ್ತ ಒಮ್ಮೆ ನೋಡಿದಳು, ಅಪ್ಪನನ್ನು, ಹೊಸ್ತಿಲಲ್ಲಿ ನಿಂತಿದ್ದ ಅಪ್ಪನ ತಾಯಿಯನ್ನು. ಆಮೇಲೆ ನನ್ನ ಕತ್ತು ತಬ್ಬಿ, ನನ್ನ ಕಿವಿಗೆ ಬಾಯಿ ಇಟ್ಟು, ಅವಳೂ ಪಿಸುಗುಟ್ಟಿದಳು.

"ಯಾರಿಗ್ ಕೇಳಿಸ್ಬಾರ್ದಮ್ಮಾ?"